ಮೊದಲ ಜಾಝ್ ಆಲ್ಬಂ ಯಾವುದು? ಐದರಲ್ಲಿ ನಿಮ್ಮ ಕಿವಿಗೆ ಹೊಂದುವುದನ್ನು ಆರಿಸಿಕೊಳ್ಳಿ

"ಜಾಝ್ ಕೇಳಬೇಕು ಅಂತ ಆಸೆ ಇದೆ, ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆಯನ್ನು ಗೆಳೆಯರು ಆಗಾಗ ಕೇಳುತ್ತಾರೆ. ಕೇಳುವವರ ಕೈಯಲ್ಲಿ ಆಗಲೇ ಒಂದು ಪಟ್ಟಿ ಇರುತ್ತದೆ. ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ', ಡೇವ್ ಬ್ರೂಬೆಕ್ ಅವರ 'ಟೈಮ್ ಔಟ್', ಚಾರ್ಲ್ಸ್ ಮಿಂಗಸ್ ಅವರ 'ಮಿಂಗಸ್ ಆ ಅಮ್', ಜಾನ್ ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್', ಎಲಾ ಫಿಟ್ಜರಾಲ್ಡ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆಯಾಗಿ ಹಾಡಿರುವ 'ಎಲಾ ಆಂಡ್ ಲೂಯಿ'. ಯಾರನ್ನು ಕೇಳಿದರೂ ಹೆಚ್ಚು ಕಡಿಮೆ ಇವೇ ಹೆಸರುಗಳು. ಇವುಗಳಲ್ಲಿ ಯಾವುದನ್ನು ಮೊದಲು ಕೇಳಬೇಕು, ಯಾವುದಕ್ಕೆ ದುಡ್ಡು ಹಾಕಬೇಕು ಅನ್ನುವುದೇ ಗೊಂದಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಐದರಲ್ಲಿ ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಇಟ್ಟುಕೊಳ್ಳುವುದು ಕೈಂಡ್ ಆಫ್ ಬ್ಲೂ. ವರ್ಷಗಳಿಂದ ಕೇಳುತ್ತಿದ್ದೇನೆ, ಇನ್ನೂ ಸಾಕು ಅನಿಸಿಲ್ಲ. ಆದರೆ ಎಲ್ಲರೂ ಅದರಿಂದಲೇ ಶುರು ಮಾಡಬೇಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹಾಗೆ ಶುರು ಮಾಡಿ, "ಚೆನ್ನಾಗಿದೆ, ಆದರೆ ಏನೂ ಆಗಲಿಲ್ಲವಲ್ಲ" ಅಂತ ಅಲ್ಲಿಗೇ ಬಿಟ್ಟವರನ್ನು ನೋಡಿದ್ದೇನೆ. ಆಲ್ಬಂನಲ್ಲಿ ಕೊರತೆ ಇರಲಿಲ್ಲ, ಅವರ ಕಿವಿಯಲ್ಲೂ ಇರಲಿಲ್ಲ. ಅವರಿಗೆ ಬೇರೆ ಬಾಗಿಲು ಬೇಕಿತ್ತು, ಅಷ್ಟೇ.

ಹಾಗಾದರೆ ಆರಿಸುವ ಮುಂಚೆ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದದ್ದೇನು?

ಎಲ್ಲಕ್ಕಿಂತ ಮುಖ್ಯ, ನಿಮ್ಮ ಕಿವಿ ಇಷ್ಟು ವರ್ಷ ಯಾವುದನ್ನು ಹಿಡಿದುಕೊಂಡು ಬಂದಿದೆ ಅನ್ನುವುದು. ಕೆಲವರು ರಾಗ ಹಿಡಿಯುತ್ತಾರೆ. ಕೆಲವರು ತಾಳ ಹಿಡಿಯುತ್ತಾರೆ, ಕಛೇರಿಯಲ್ಲಿ ತನಿ ಆವರ್ತನ ಶುರುವಾದಾಗಲೇ ನೆಟ್ಟಗೆ ಕೂರುತ್ತಾರೆ. ಕೆಲವರಿಗೆ ಸಾಹಿತ್ಯ ಬೇಕು, ಮಾತಿಲ್ಲದ ಸಂಗೀತ ಖಾಲಿ ಅನಿಸುತ್ತದೆ. ಕೆಲವರಿಗೆ ಭಜನೆಯ ಹಾಗೆ ನಾಲ್ಕು ಜನ ಸೇರಿ ಎಬ್ಬಿಸುವ ಹುರುಪು ಬೇಕು. ನೀವು ಯಾರು ಅಂತ ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಎರಡನೆಯದು, ಯಾವ ಹೊತ್ತಿನಲ್ಲಿ, ಎಷ್ಟು ಗಮನ ಕೊಟ್ಟು ಕೇಳುತ್ತೀರಿ. ರಾತ್ರಿ ದೀಪ ಆರಿಸಿ ಕೇಳುವುದೇ ಬೇರೆ, ಪಾತ್ರೆ ತೊಳೆಯುತ್ತಾ ಕೇಳುವುದೇ ಬೇರೆ. ಮೂರನೆಯದು, ಯಾವುದರಲ್ಲಿ ಕೇಳುತ್ತೀರಿ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ತುಂಬಾ ಮುಖ್ಯ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಬೇಸ್, ಅಂದರೆ ತಗ್ಗು ಸ್ವರದ ದೊಡ್ಡ ತಂತಿವಾದ್ಯ, ಕೇಳಿಸುವುದೇ ಇಲ್ಲ. ಜಾಝ್‌ನಲ್ಲಿ ಬೇಸ್ ಹೋದರೆ ಕಛೇರಿಯಲ್ಲಿ ತಂಬೂರಿಯನ್ನೂ ಮೃದಂಗವನ್ನೂ ಒಟ್ಟಿಗೆ ಎಬ್ಬಿಸಿ ಕಳಿಸಿದ ಹಾಗೆ. ಕೊನೆಯದಾಗಿ, ಹತ್ತು ಸಲ ಕೇಳಿದ ಮೇಲೆ ಹನ್ನೊಂದನೇ ಸಲಕ್ಕೆ ಏನಾದರೂ ಉಳಿದಿರುತ್ತದಾ? ದುಡ್ಡು ಕೊಟ್ಟು ಕೊಳ್ಳುವುದಾದರೆ ಇದೇ ಮುಖ್ಯ ಪ್ರಶ್ನೆ.

ಇನ್ನು ಒಂದೊಂದಾಗಿ ನೋಡೋಣ.

ಕೈಂಡ್ ಆಫ್ ಬ್ಲೂ (1959): ರಾಗ ಹಿಡಿಯುವ ಕಿವಿಗೆ

ನ್ಯೂಯಾರ್ಕಿನ 30ನೇ ಬೀದಿಯಲ್ಲಿ ಕೊಲಂಬಿಯಾ ಕಂಪನಿಯ ಒಂದು ಸ್ಟುಡಿಯೊ ಇತ್ತು. ಮೊದಲು ಅದು ಚರ್ಚ್ ಆಗಿತ್ತು, ಎತ್ತರದ ಚಾವಣಿ. 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನಗಳಲ್ಲಿ ಈ ಆಲ್ಬಂನ ಐದೂ ಟ್ರ್ಯಾಕ್ ಅಲ್ಲಿ ಮುದ್ರಣವಾದವು. ಟ್ರಂಪೆಟ್ ಮೈಲ್ಸ್ ಡೇವಿಸ್. ಟೆನರ್ (ತಗ್ಗು ದನಿಯ) ಸ್ಯಾಕ್ಸೊಫೋನ್ ಜಾನ್ ಕೋಲ್ಟ್ರೇನ್, ಆಲ್ಟೊ (ಅದಕ್ಕಿಂತ ಏರು ದನಿಯ) ಸ್ಯಾಕ್ಸೊಫೋನ್ ಕ್ಯಾನನ್‌ಬಾಲ್ ಆಡರ್ಲಿ. ಪಿಯಾನೊ ಬಿಲ್ ಎವನ್ಸ್, ಒಂದು ಟ್ರ್ಯಾಕಿಗೆ ಮಾತ್ರ ವಿಂಟನ್ ಕೆಲಿ. ಬೇಸ್ ಪಾಲ್ ಚೇಂಬರ್ಸ್, ಡ್ರಮ್ಸ್ ಜಿಮ್ಮಿ ಕಾಬ್. ಹೆಚ್ಚು ತಾಲೀಮು ಇರಲಿಲ್ಲ. ಮೈಲ್ಸ್ ಕೈಗೆ ಕೊಟ್ಟದ್ದು ಒಂದಷ್ಟು ಸ್ವರಗಳ ಚೌಕಟ್ಟು, ಉಳಿದದ್ದನ್ನು ಅವರವರೇ ಕಟ್ಟಿದರು.

ಅದಕ್ಕೂ ಮುಂಚಿನ ಜಾಝ್‌ನಲ್ಲಿ ಸ್ವರಮೇಳಗಳು, ಅಂದರೆ ಕಾರ್ಡ್‌ಗಳು, ಸರಸರನೆ ಬದಲಾಗುತ್ತಿದ್ದವು. ವಾದಕರು ಅವುಗಳ ಹಿಂದೆ ಓಡಬೇಕಿತ್ತು. ಮೈಲ್ಸ್ ಆ ಓಟವನ್ನು ನಿಲ್ಲಿಸಿದರು. ಒಂದು ಸ್ವರಶ್ರೇಣಿ ಕೊಟ್ಟು, ಅದರಲ್ಲೇ ನೆಮ್ಮದಿಯಾಗಿ ಇರಿ ಅಂದರು. ಇದು ನಮಗೆ ಹೊಸದೇ ಅಲ್ಲ, ಅಲ್ವಾ?

ಮೊದಲ ಟ್ರ್ಯಾಕ್ 'ಸೋ ವಾಟ್' ತೆಗೆದುಕೊಳ್ಳಿ. ಅದರಲ್ಲಿ ಬಳಸಿರುವುದು ಡೋರಿಯನ್ ಅನ್ನುವ ಶ್ರೇಣಿ. ಸ್ವರಗಳನ್ನು ಲೆಕ್ಕ ಹಾಕಿದರೆ ಅದು ನಮ್ಮ ಖರಹರಪ್ರಿಯ ಮೇಳ, ಹಿಂದೂಸ್ತಾನಿಯವರಿಗೆ ಕಾಫಿ ಥಾಟ್. ಷಡ್ಜ ಎರಡು ಮನೆಯಲ್ಲಿ, ಅಂದರೆ ಪಿಯಾನೊದ D ಸ್ವರದಲ್ಲಿ. ಹದಿನಾರು ಬಾರ್ (ಒಂದು ಬಾರ್ ಅಂದರೆ ಇಲ್ಲಿ ನಾಲ್ಕು ಎಣಿಕೆ) ಅದೇ ಶ್ರುತಿ, ಆಮೇಲೆ ಎಂಟು ಬಾರ್‌ಗೆ ಶ್ರುತಿಯೇ ಎರಡೂವರೆ ಮನೆಗೆ ಏರುತ್ತದೆ, ಮತ್ತೆ ಎಂಟು ಬಾರ್‌ಗೆ ಎರಡಕ್ಕೆ ಇಳಿಯುತ್ತದೆ. ಈ ಸುತ್ತು ಒಂಬತ್ತು ನಿಮಿಷ ತಿರುಗುತ್ತಲೇ ಇರುತ್ತದೆ. ಆ ಅರ್ಧ ಮನೆಯ ಏರಿಕೆ ಬಂದಾಗ ಪ್ರತಿ ಸಲವೂ ಕಿಟಕಿ ತೆರೆದ ಹಾಗಾಗುತ್ತದೆ. ನಾಲ್ಕನೆಯ ಟ್ರ್ಯಾಕ್ 'ಆಲ್ ಬ್ಲೂಸ್' ಹೆಚ್ಚು ಕಡಿಮೆ ಹರಿಕಾಂಬೋಜಿಯ ಸ್ವರಗಳಲ್ಲಿ, ಐದು ಮನೆಯಲ್ಲಿ ಹೋಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಬೇಕು. ಸ್ವರಗಳು ಅವೇ, ಆದರೆ ರಾಗ ಅದಲ್ಲ. ನಮ್ಮ ಗಮಕ ಅಲ್ಲಿಲ್ಲ. ಗಾಂಧಾರ ಅಲುಗಾಡುವುದಿಲ್ಲ, ನೇರವಾಗಿ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಇದನ್ನು ಮೊದಲ ಸಲ ಹಾಕಿದಾಗ ಅಮ್ಮ ಅಡುಗೆಮನೆಯಿಂದಲೇ ಕೇಳಿದ್ದರು, "ಇವರು ಹಾಡೋದು ಯಾವಾಗ ಶುರು ಮಾಡ್ತಾರೆ?" ಶುರುವಾಗಿ ಎರಡು ನಿಮಿಷ ಆಗಿತ್ತು. ಕೆಲವು ದಿನಗಳ ನಂತರ ಅವರೇ ಬಂದು ಕೂತು, "ಖರಹರಪ್ರಿಯದಲ್ಲಿ ಆಲಾಪನೆ ಮಾಡಿದ ಹಾಗಿದೆ, ಆದರೆ ಯಾರಿಗೂ ಅವಸರವಿಲ್ಲ" ಅಂದರು. ಈ ಆಲ್ಬಂ ಬಗ್ಗೆ ನಾನು ಕೇಳಿರುವ ಅತ್ಯಂತ ಸರಿಯಾದ ಮಾತು ಅದು.

ಅವಸರ ಇಲ್ಲದಿರುವುದೇ ಇದರ ದೊಡ್ಡ ಗುಣ, ಕೆಲವರಿಗೆ ಅದೇ ತೊಡಕು. ಮೈಲ್ಸ್ ಸ್ವರಗಳಿಗಿಂತ ಜಾಗವನ್ನು ಜಾಸ್ತಿ ಬಿಡುತ್ತಾರೆ. ನಾಲ್ಕು ಸ್ವರ ಊದಿ ಸುಮ್ಮನಾಗುತ್ತಾರೆ. ಆ ಮೌನ ಹಿಡಿಸದಿದ್ದರೆ ಇಡೀ ಆಲ್ಬಂ ಹೋಟೆಲಿನ ಲಿಫ್ಟಿನಲ್ಲಿ ಬರುವ ಹಿನ್ನೆಲೆಯ ಹಾಗೆ ಕೇಳಿಸಬಹುದು. ಹಾಗಾಗಿ ಇದನ್ನು ಮೊದಲ ಸಲ ಕೆಲಸ ಮಾಡುತ್ತಾ ಕೇಳಬೇಡಿ. ಸುಮಾರು 46 ನಿಮಿಷದ ಆಲ್ಬಂ, ಅಷ್ಟು ಸಮಯ ಸಿಗದಿದ್ದರೆ ಸೋ ವಾಟ್ ಒಂದೇ ಸಾಕು.

ಇಯರ್‌ಫೋನ್ ಹಾಕಿಕೊಂಡೇ ಕೇಳಿ. ಸೋ ವಾಟ್‌ನ ಪಲ್ಲವಿ ಅಂತ ಏನಾದರೂ ಇದ್ದರೆ ಅದನ್ನು ನುಡಿಸುವುದು ಬೇಸ್. ಫೋನ್ ಸ್ಪೀಕರಿನಲ್ಲಿ ಆ ಪಲ್ಲವಿಯೇ ಮಾಯ, ಉತ್ತರ ಕೊಡುವ ಪಿಯಾನೊ ಮಾತ್ರ ಉಳಿಯುತ್ತದೆ. ಇನ್ನೂ ಒಂದು ಉಪಯೋಗ ಇದೆ. ಸ್ಟೀರಿಯೊ ಮುದ್ರಣದಲ್ಲಿ ಕೋಲ್ಟ್ರೇನ್ ಎಡಗಿವಿಯಲ್ಲಿ, ಆಡರ್ಲಿ ಬಲಗಿವಿಯಲ್ಲಿ ಕೇಳಿಸುತ್ತಾರೆ. ಎರಡು ಸ್ಯಾಕ್ಸೊಫೋನ್‌ಗಳ ನಡುವಿನ ವ್ಯತ್ಯಾಸ ಕಲಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಎಡಗಡೆ ಹುಡುಕಾಟ, ಬಲಗಡೆ ಖುಷಿ.

ಕೊಳ್ಳುವವರಿಗೆ ಒಂದು ಮಾತು. ಮಾರ್ಚ್ 2ರ ಮುದ್ರಣದಲ್ಲಿ ಟೇಪ್ ಯಂತ್ರದ ವೇಗ ಸರಿಯಿರಲಿಲ್ಲ. ಅದರಿಂದ ಮೊದಲ ಮೂರು ಟ್ರ್ಯಾಕ್‌ಗಳು ದಶಕಗಳ ಕಾಲ ಸ್ವಲ್ಪ ವೇಗವಾಗಿ, ಸ್ವಲ್ಪ ಏರು ಶ್ರುತಿಯಲ್ಲಿ ಮಾರಾಟವಾದವು. 1992ರ ಮರುಮುದ್ರಣದಿಂದ ಅದನ್ನು ಸರಿಪಡಿಸಿದರು. ನಾನು ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಕೊಂಡ ಸಿಡಿ ಹಳೆಯ ವೇಗದ್ದು. ಶ್ರುತಿ ಪೆಟ್ಟಿಗೆಯ ಆಪ್ ಎರಡು ಮನೆಗೆ ಇಟ್ಟು ಸೋ ವಾಟ್ ಹಾಕಿದಾಗ ಎರಡೂ ಸೇರಲೇ ಇಲ್ಲ, ಆಗ ಗೊತ್ತಾಯಿತು. ನಿಮ್ಮ ಕೈಯಲ್ಲಿರುವುದು ಯಾವುದು ಅಂತ ನೋಡಲು ನೀವೂ ಹೀಗೆ ಮಾಡಬಹುದು. ಹಳೆಯ ವೇಗದ್ದು ಬಂದರೂ ಸಂಗೀತವೇನೂ ಕೆಡುವುದಿಲ್ಲ. ಆದರೆ ಹೊಸದಾಗಿ ದುಡ್ಡು ಕೊಡುವಾಗ ಸರಿಪಡಿಸಿದ್ದನ್ನೇ ಕೇಳಿ ತೆಗೆದುಕೊಳ್ಳಿ.

ಟೈಮ್ ಔಟ್ (1959): ತಾಳ ಹಾಕುವ ಕೈಗೆ

ಅದೇ ವರ್ಷ, ಅದೇ ಸ್ಟುಡಿಯೊ. ಬೇಸಿಗೆಯಲ್ಲಿ ಬ್ರೂಬೆಕ್ ತಮ್ಮ ನಾಲ್ವರ ತಂಡದೊಂದಿಗೆ ಬಂದರು. ಆಲ್ಟೊ ಸ್ಯಾಕ್ಸೊಫೋನ್ ಪಾಲ್ ಡೆಸ್ಮಂಡ್, ಬೇಸ್ ಯೂಜೀನ್ ರೈಟ್, ಡ್ರಮ್ಸ್ ಜೋ ಮೊರೆಲೊ. ಹಿಂದಿನ ವರ್ಷ, ಅಂದರೆ 1958ರಲ್ಲಿ, ಈ ತಂಡ ಅಮೆರಿಕ ಸರ್ಕಾರದ ಕಡೆಯಿಂದ ದೀರ್ಘ ಪ್ರವಾಸ ಮಾಡಿತ್ತು. ಟರ್ಕಿಗೂ ಹೋಗಿತ್ತು, ಭಾರತಕ್ಕೂ ಬಂದಿತ್ತು. ಇಸ್ತಾಂಬುಲ್‌ನ ಬೀದಿಯಲ್ಲಿ ಒಂಬತ್ತರ ಲೆಕ್ಕದಲ್ಲಿ ನುಡಿಸುತ್ತಿದ್ದವರನ್ನು ಬ್ರೂಬೆಕ್ ಕೇಳಿದರು. ಅದರಿಂದ ಹುಟ್ಟಿದ್ದು ಮೊದಲ ಟ್ರ್ಯಾಕ್ 'ಬ್ಲೂ ರಾಂಡೊ ಆ ಲಾ ಟರ್ಕ್'.

ಇದನ್ನು ಬಾಯಲ್ಲಿ ಹೇಳಿಕೊಂಡೇ ಕೇಳಿ. ತಕ ತಕ ತಕ ತಕಿಟ, ಹೀಗೆ ಮೂರು ಸಲ. ನಾಲ್ಕನೇ ಸಲ ತಕಿಟ ತಕಿಟ ತಕಿಟ. ಎಲ್ಲವೂ ಒಂಬತ್ತೇ. ಅಮೆರಿಕದ ಕೇಳುಗರಿಗೆ ಆಗ ಇದು ಬೆರಗು, ಜಾಝ್ ಹೆಚ್ಚಾಗಿ ನಾಲ್ಕರ ಲೆಕ್ಕದಲ್ಲೇ ಇದ್ದ ಕಾಲ ಅದು. ನಮ್ಮಲ್ಲಿ ಲಯಪಾಠದ ಮೊದಲ ವರ್ಷದ ಮಕ್ಕಳೂ ಇದನ್ನು ಹಿಡಿಯುತ್ತಾರೆ. 'ಟೇಕ್ ಫೈವ್' ಅಂತೂ ಎಲ್ಲರೂ ಎಲ್ಲೋ ಒಂದು ಕಡೆ ಕೇಳಿಯೇ ಇರುತ್ತೀರಿ. ಡೆಸ್ಮಂಡ್ ಕಟ್ಟಿದ ಐದರ ಲೆಕ್ಕದ ರಚನೆ. ನಮ್ಮ ಖಂಡಚಾಪು ತಕ ತಕಿಟ, ಇದು ತಿರುಗಿಸಿ ಹಾಕಿದ ಹಾಗೆ ತಕಿಟ ತಕ. ಮಧ್ಯದಲ್ಲಿ ಮೊರೆಲೊ ಅವರ ಡ್ರಮ್ಸ್ ಬಂದಾಗ ಬ್ರೂಬೆಕ್ ಪಿಯಾನೊದಲ್ಲಿ ಅದೇ ಐದರ ಸುತ್ತನ್ನು ಬಿಡದೆ ನುಡಿಸುತ್ತಾರೆ. ತಬಲಾ ಸೋಲೊಗೆ ಹಾರ್ಮೋನಿಯಂನಲ್ಲಿ ಲೆಹರಾ ಕೊಡುವುದು ಗೊತ್ತಲ್ಲ, ಕೆಲಸ ಅದೇ. ಮೊರೆಲೊ ಆ ಗೆರೆಯ ಮೇಲೆ ಎಷ್ಟು ದೂರ ಹೋಗಿ ವಾಪಸ್ ಬರುತ್ತಾರೆ ಅಂತ ಕೈಯಲ್ಲಿ ಎಣಿಸಿ ನೋಡಿ.

ಕೇಳಲು ಇದು ತುಂಬಾ ಸುಲಭ. 38 ನಿಮಿಷ, ಏಳು ಟ್ರ್ಯಾಕ್, ಪ್ರತಿಯೊಂದಕ್ಕೂ ಗುನುಗಬಹುದಾದ ಒಂದು ಮಟ್ಟು. ಮಕ್ಕಳೂ ಕೂತು ಕೇಳುತ್ತಾರೆ. ಕಾರಿನಲ್ಲಿ, ಬಸ್ಸಿನಲ್ಲಿ, ಗದ್ದಲದ ನಡುವೆ ಕೂಡ ಲೆಕ್ಕ ಕಳೆದುಹೋಗುವುದಿಲ್ಲ. ಆದರೆ ನನ್ನ ಅನುಭವದಲ್ಲಿ ಇದು ತನ್ನದೆಲ್ಲವನ್ನೂ ಬೇಗ ಕೊಟ್ಟುಬಿಡುತ್ತದೆ. ಒಗಟು ಬಿಡಿಸಿದ ಮೇಲೆ ಮತ್ತೆ ಬಿಡಿಸುವ ಕುತೂಹಲ ಅಷ್ಟು ಇರುವುದಿಲ್ಲ. ಬ್ರೂಬೆಕ್ ಅವರ ಪಿಯಾನೊ ಕೆಲವು ಕಡೆ ಭಾರ ಅನಿಸುತ್ತದೆ. ಹತ್ತನೇ ಸಲಕ್ಕೂ ನನ್ನನ್ನು ಹಿಡಿದಿಡುವುದು ಡೆಸ್ಮಂಡ್ ಅವರ ಸ್ಯಾಕ್ಸೊಫೋನ್, ಅದರಲ್ಲಿ ಗಾಳಿಯೇ ಜಾಸ್ತಿ ಇರುವಂಥ ಹಗುರ ನಾದ. ಟೇಕ್ ಫೈವ್‌ನಿಂದ ಬರುವ ಗೌರವಧನವನ್ನು ಅವರು ಅಮೆರಿಕದ ರೆಡ್ ಕ್ರಾಸ್‌ಗೆ ಬರೆದಿಟ್ಟು 1977ರಲ್ಲಿ ತೀರಿಕೊಂಡರು.

ಮಿಂಗಸ್ ಆ ಅಮ್ (1959): ಹುರುಪು ಬೇಕಾದವರಿಗೆ, ಸ್ಯಾಕ್ಸೊಫೋನ್ ಗೊತ್ತಿರುವವರಿಗೆ

ಮತ್ತೆ ಅದೇ ವರ್ಷ, ಅದೇ ಸ್ಟುಡಿಯೊ, ಮೇ ತಿಂಗಳು. ಚಾರ್ಲ್ಸ್ ಮಿಂಗಸ್ ಬೇಸ್ ನುಡಿಸುತ್ತಾ ತಂಡ ನಡೆಸುತ್ತಿದ್ದವರು. ಬಾಗಿಲು ತೆರೆದ ಕೂಡಲೇ 'ಬೆಟರ್ ಗಿಟ್ ಇಟ್ ಇನ್ ಯುವರ್ ಸೋಲ್'. ಚಪ್ಪಾಳೆ, ಕೂಗು, ಒಬ್ಬರ ಮೇಲೊಬ್ಬರು ಎತ್ತಿಕೊಳ್ಳುವ ಹಾರ್ನ್‌ಗಳು, ಅಂದರೆ ಊದುವ ವಾದ್ಯಗಳು. ಕಪ್ಪು ಜನರ ಚರ್ಚ್‌ಗಳಲ್ಲಿ ಭಕ್ತಿ ಏರಿದಾಗ ಆಗುವ ಗದ್ದಲವನ್ನು ಮಿಂಗಸ್ ಇಲ್ಲಿ ತಂದಿದ್ದಾರೆ. ಶನಿವಾರದ ಭಜನೆಯಲ್ಲಿ ತಾಳ ಜೋರಾಗುತ್ತಾ ಹೋಗಿ, ಹಾಡುವವರು ಕೂತಲ್ಲೇ ಏಳುವ ಹೊತ್ತು ಇರುತ್ತದಲ್ಲ, ಅದು ನೆನಪಾಗುತ್ತದೆ. ಜಾಝ್ ಅಂದರೆ ಮೆಲ್ಲಗೆ ಕೇಳುವ ನಾಜೂಕಿನ ಸಂಗೀತ ಅಂದುಕೊಂಡವರಿಗೆ ನಾನು ಇದನ್ನೇ ಮೊದಲು ಕೊಡುವುದು.

ಅಲ್ಲೇ ಎರಡನೇ ಟ್ರ್ಯಾಕ್ 'ಗುಡ್‌ಬೈ ಪೋರ್ಕ್ ಪೈ ಹ್ಯಾಟ್'. ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಅದೇ ಮಾರ್ಚ್‌ನಲ್ಲಿ ತೀರಿಕೊಂಡಿದ್ದರು. ಅವರ ನೆನಪಿಗೆ ಮಿಂಗಸ್ ಬರೆದ ಈ ಮಟ್ಟಿಗಿಂತ ದುಃಖದ್ದು ಈ ಐದು ಆಲ್ಬಂಗಳಲ್ಲಿ ಇಲ್ಲ. ಇದರಲ್ಲಿ ಸ್ಯಾಕ್ಸೊಫೋನ್ ಸೋಲೊ ಜಾನ್ ಹ್ಯಾಂಡಿ ಅವರದು. ಈ ಹೆಸರು ನೆನಪಿಟ್ಟುಕೊಳ್ಳಿ. 1980ರಲ್ಲಿ ಬಾಂಬೆಯ ಜಾಝ್ ಉತ್ಸವದಲ್ಲಿ ನಮ್ಮ ಕದ್ರಿ ಗೋಪಾಲನಾಥರ ವಾದನ ಕೇಳಿ, ಅವರೊಂದಿಗೆ ಕೂಡಿ ನುಡಿಸಿದವರು ಇವರೇ. ಕದ್ರಿಯವರಿಗೆ ಹೊರದೇಶಗಳ ಕೇಳುಗರು ಸಿಕ್ಕಿದ್ದರಲ್ಲಿ ಆ ಭೇಟಿಗೂ ಪಾಲಿದೆ. ಮುಂದೆ 2008ರಲ್ಲಿ ಕದ್ರಿಯವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ 'ಕಿನ್ಸ್‌ಮೆನ್' ಅನ್ನುವ ಆಲ್ಬಂನಲ್ಲೂ ನುಡಿಸಿದರು.

ಕರಾವಳಿಯವರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ದೇವಸ್ಥಾನದ ಉತ್ಸವ, ಮದುವೆ ಮನೆ, ಎಲ್ಲ ಕಡೆ ಸ್ಯಾಕ್ಸೊಫೋನ್ ಕೇಳಿಕೊಂಡೇ ಬೆಳೆದವರು ನೀವು. ಬೇರೆ ಊರಿನವರಿಗೆ ಈ ವಾದ್ಯ ಸಿನಿಮಾದಲ್ಲಿ ಬರುವ ವಿದೇಶಿ ದನಿ, ನಿಮಗೆ ಮಂಗಳವಾದ್ಯ. ಆ ನಾದ ಹ್ಯಾಂಡಿಯವರ ಕೈಯಲ್ಲಿ ಶೋಕವಾಗುವುದನ್ನು ಕೇಳಿದರೆ ನಿಮಗಾಗುವ ಅನುಭವವೇ ಬೇರೆ.

'ಫೇಬಲ್ಸ್ ಆಫ್ ಫಾಬಸ್' ಬಗ್ಗೆಯೂ ಹೇಳಬೇಕು. 1957ರಲ್ಲಿ ಆರ್ಕನ್ಸಾ ರಾಜ್ಯದ ಗವರ್ನರ್ ಆರ್ವಲ್ ಫಾಬಸ್, ಲಿಟಲ್ ರಾಕ್ ಊರಿನ ಶಾಲೆಗೆ ಒಂಬತ್ತು ಕಪ್ಪು ಮಕ್ಕಳು ಸೇರದಂತೆ ತಡೆಯಲು ಸೈನಿಕರನ್ನು ನಿಲ್ಲಿಸಿದ್ದರು. ಅವರನ್ನು ಅಣಕಿಸಲು ಮಿಂಗಸ್ ಇದನ್ನು ಕಟ್ಟಿದರು. ಮಾತುಗಳಿದ್ದವು, ಆದರೆ ಈ ಆಲ್ಬಂನಲ್ಲಿ ಬರೀ ವಾದ್ಯ. ಮಾತಿನ ಸಮೇತ ಇರುವುದನ್ನು 1960ರಲ್ಲಿ ಬೇರೆ ಕಂಪನಿಗೆ ಮುದ್ರಿಸಿದರು. ಮಾತಿಲ್ಲದಿದ್ದರೂ ಹಾರ್ನ್‌ಗಳ ಕುಂಟು ನಡಿಗೆಯಲ್ಲೇ ಸಿಟ್ಟು ಗೊತ್ತಾಗುತ್ತದೆ.

ತೊಡಕು ಏನು ಅಂದರೆ, ಇದರಲ್ಲಿ ಒಟ್ಟಿಗೆ ತುಂಬಾ ನಡೆಯುತ್ತಿರುತ್ತದೆ. ರಾತ್ರಿ ಮಲಗುವ ಮುಂಚೆ ಕೇಳುವ ಆಲ್ಬಂ ಅಲ್ಲ. ಮನೆಯಲ್ಲಿ ಹಿರಿಯರು ಮಲಗಿದ್ದರೆ ಸ್ಪೀಕರಿನಲ್ಲಿ ಹಾಕಬೇಡಿ. ಇನ್ನೊಂದು, 1959ರ ಎಲ್‌ಪಿಯಲ್ಲಿ, ಅಂದರೆ ಗ್ರಾಮಫೋನ್ ತಟ್ಟೆಯಲ್ಲಿ, ಜಾಗ ಸಾಲದೆ ಕೆಲವು ಟ್ರ್ಯಾಕ್‌ಗಳನ್ನು ಕತ್ತರಿಸಿದ್ದರು. ನಂತರದ ಸಿಡಿಗಳಲ್ಲಿ ಅವು ಪೂರ್ತಿ ಇವೆ. ಹಳೆಯ ಮುದ್ರಣದ ಎಲ್‌ಪಿಗೆ ಜಾಸ್ತಿ ಹಣ ಕೇಳಿದರೆ ಇದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಎ ಲವ್ ಸುಪ್ರೀಮ್ (1965): ಕಣ್ಣು ಮುಚ್ಚಿ ಕೂರುವವರಿಗೆ

ಕೈಂಡ್ ಆಫ್ ಬ್ಲೂನಲ್ಲಿ ನಮ್ಮ ಎಡಗಿವಿಯ ಕಡೆ ಹುಡುಕುತ್ತಿದ್ದ ಕೋಲ್ಟ್ರೇನ್ ಐದು ವರ್ಷಗಳ ನಂತರ ಎಲ್ಲಿಗೆ ಮುಟ್ಟಿದರು ಅಂತ ತಿಳಿಯಬೇಕಾದರೆ ಇದು. 1964ರ ಡಿಸೆಂಬರ್ 9ರಂದು ನ್ಯೂಜೆರ್ಸಿಯ ವ್ಯಾನ್ ಗೆಲ್ಡರ್ ಸ್ಟುಡಿಯೊದಲ್ಲಿ ಮುದ್ರಣ, ಮರುವರ್ಷ ಬಿಡುಗಡೆ. ಪಿಯಾನೊ ಮೆಕಾಯ್ ಟೈನರ್, ಬೇಸ್ ಜಿಮ್ಮಿ ಗ್ಯಾರಿಸನ್, ಡ್ರಮ್ಸ್ ಎಲ್ವಿನ್ ಜೋನ್ಸ್. ನಾಲ್ಕು ಭಾಗ, 33 ನಿಮಿಷ. 1957ರಲ್ಲಿ ತನಗೆ ದೇವರ ಕೃಪೆಯಾಯಿತು, ಹೊಸ ಬದುಕು ಸಿಕ್ಕಿತು ಅಂತ ಕೋಲ್ಟ್ರೇನ್ ಆಲ್ಬಂ ಜೊತೆಗಿನ ಬರಹದಲ್ಲೇ ಹೇಳಿಕೊಂಡಿದ್ದಾರೆ. ಹೆರಾಯಿನ್ ಮತ್ತು ಕುಡಿತ ಬಿಟ್ಟ ವರ್ಷ ಅದು. ಈ ಆಲ್ಬಂ ಅದಕ್ಕೆ ಸಲ್ಲಿಸಿದ ಹರಕೆ.

ಮೊದಲ ಭಾಗದಲ್ಲಿ ಬೇಸ್ ನಾಲ್ಕು ಸ್ವರಗಳ ಒಂದು ಪುಟ್ಟ ಗುಚ್ಛ ಎತ್ತಿಕೊಳ್ಳುತ್ತದೆ. ಕೋಲ್ಟ್ರೇನ್ ಆಮೇಲೆ ಅದನ್ನೇ ಹಿಡಿದು ಹನ್ನೆರಡೂ ಶ್ರುತಿಗಳಿಗೆ ಒಯ್ಯುತ್ತಾರೆ. ಎಲ್ಲ ದಿಕ್ಕಿಗೂ ನಮಸ್ಕಾರ ಮಾಡಿ ಬಂದ ಹಾಗೆ. ಕೊನೆಗೆ ಸ್ಯಾಕ್ಸೊಫೋನ್ ಕೆಳಗಿಟ್ಟು ಆಲ್ಬಂನ ಹೆಸರನ್ನೇ ಅದೇ ನಾಲ್ಕು ಸ್ವರದಲ್ಲಿ ಮತ್ತೆ ಮತ್ತೆ ಜಪಿಸುತ್ತಾರೆ. ನಾಮಸ್ಮರಣೆ ಕೇಳಿ ಬೆಳೆದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ನನಗೆ ಅತ್ಯಂತ ಹತ್ತಿರವಾದದ್ದು ಕೊನೆಯ ಭಾಗ 'ಸಾಮ್'. ಇದರಲ್ಲಿ ಖಚಿತವಾದ ತಾಳ ಇಲ್ಲ. ಕೋಲ್ಟ್ರೇನ್ ಬರೆದ ಒಂದು ಪ್ರಾರ್ಥನೆ ಕವರ್‌ನ ಒಳಗೆ ಅಚ್ಚಾಗಿದೆ. ಸ್ಯಾಕ್ಸೊಫೋನ್ ಅದನ್ನು ಮಾತು ಮಾತಾಗಿ ನುಡಿಸುತ್ತಾ ಹೋಗುತ್ತದೆ. ಸಾಲಿನ ಕೊನೆಯಲ್ಲಿ ದೇವರಿಗೆ ವಂದಿಸುವ ಮಾತು ಬಂದಾಗ ಸ್ವರ ಇಳಿದು ನಿಲ್ಲುತ್ತದೆ, ಪದದ ಕೊನೆಗೆ ಅಂಕಿತ ಬಂದ ಹಾಗೆ. ಇದಕ್ಕೆ ಹತ್ತಿರದ್ದು ನಮ್ಮಲ್ಲಿ ಏನಿದೆ ಅಂತ ಯೋಚಿಸಿದರೆ ಹೊಳೆಯುವುದು ಹರಿದಾಸರ ಉಗಾಭೋಗ. ತಾಳದ ಹಂಗಿಲ್ಲದೆ, ಮಾತು ಎಳೆದಷ್ಟು ದೂರ ರಾಗ ಹೋಗುವುದು. ಆ ಪ್ರಾರ್ಥನೆಯನ್ನು ಕೈಯಲ್ಲಿ ಹಿಡಿದು, ಬೆರಳಿಟ್ಟು ಓದುತ್ತಾ ಒಮ್ಮೆ ಕೇಳಿ. ವಾದ್ಯ ಮಾತಾಡುತ್ತದೆ ಅನ್ನುವುದು ಬರೀ ಹೊಗಳಿಕೆ ಅಲ್ಲ ಅಂತ ಆಗ ಗೊತ್ತಾಗುತ್ತದೆ. ಕೋಲ್ಟ್ರೇನ್ ನಮ್ಮ ಸಂಗೀತವನ್ನು ಆಸೆಯಿಂದ ಕೇಳುತ್ತಿದ್ದರು. 1965ರಲ್ಲಿ ಹುಟ್ಟಿದ ಮಗನಿಗೆ ರವಿಶಂಕರರ ಮೇಲಿನ ಗೌರವಕ್ಕೆ ರವಿ ಅಂತ ಹೆಸರಿಟ್ಟರು. ಅದಾಗಿ ಎರಡೇ ವರ್ಷಕ್ಕೆ, 40ನೇ ವಯಸ್ಸಿನಲ್ಲಿ, ಹೋಗಿಬಿಟ್ಟರು.

ಐದರಲ್ಲಿ ಇದು ಸಮಯದಲ್ಲಿ ಅತ್ಯಂತ ಚಿಕ್ಕದು, ಆದರೆ ಇದು ಬೇಡುವ ಗಮನ ಅತ್ಯಂತ ದೊಡ್ಡದು. ಮೂರನೆಯ ಭಾಗದ ವೇಗಕ್ಕೆ ಹೊಸಬರು ತತ್ತರಿಸಬಹುದು. ಸ್ಯಾಕ್ಸೊಫೋನ್ ಕೆಲವು ಕಡೆ ಕೂಗುತ್ತದೆ, ಸಿಹಿಯಾಗಿರಬೇಕು ಅನ್ನುವ ಹಟ ಅದಕ್ಕಿಲ್ಲ. ಅರ್ಧಕ್ಕೆ ನಿಲ್ಲಿಸಿ ನಾಳೆ ಮುಂದುವರಿಸಿದರೆ ಕೆಲಸ ಮಾಡುವುದಿಲ್ಲ. ಹಾಗಾಗಿ ಹೆಚ್ಚಿನವರಿಗೆ ಇದು ಎರಡನೆಯ ಅಥವಾ ಮೂರನೆಯ ಆಲ್ಬಂ ಆಗಲಿ ಅನ್ನುತ್ತೇನೆ. ಆದರೆ ದಿನಾ ಅರ್ಧ ಗಂಟೆ ಜಪಕ್ಕೋ ಧ್ಯಾನಕ್ಕೋ ಕೂರುವ ಅಭ್ಯಾಸ ನಿಮಗಿದ್ದರೆ, ಜಾಝ್ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ನೇರವಾಗಿ ಇಲ್ಲಿಗೇ ಬನ್ನಿ.

ಎಲಾ ಆಂಡ್ ಲೂಯಿ (1956): ಹಾಡು ಬೇಕು ಅನ್ನುವವರಿಗೆ

ಇದರ ಬಗ್ಗೆ ಜಾಸ್ತಿ ಹೇಳಬೇಕಾದ್ದಿಲ್ಲ, ಹಾಕಿದ ಕೂಡಲೇ ಅರ್ಥವಾಗುತ್ತದೆ. ಎಲಾ ಅವರದು ತಿಳಿನೀರಿನಂಥ ದನಿ, ಲೂಯಿ ಅವರದು ಜಲ್ಲಿಯ ಮೇಲೆ ಗಾಡಿ ಹೋದಂಥ ದನಿ. ಎರಡೂ ಸೇರಿದಾಗ ಒಂದರಿಂದ ಇನ್ನೊಂದಕ್ಕೆ ಚೆಂದ. ಹಿಂದೆ ಆಸ್ಕರ್ ಪೀಟರ್‌ಸನ್ ಅವರ ಪಿಯಾನೊ ತಂಡ, ಪಕ್ಕವಾದ್ಯ ಹೇಗಿರಬೇಕು ಅನ್ನುವುದಕ್ಕೆ ಪಾಠದ ಹಾಗಿದೆ. ಹನ್ನೊಂದು ಪ್ರೇಮಗೀತೆ, 54 ನಿಮಿಷ. ದನಿ ಮುಂದಿರುವುದರಿಂದ ಫೋನ್ ಸ್ಪೀಕರಿನಲ್ಲೂ ಪರವಾಗಿಲ್ಲ. ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುವಾಗ ಹಾಕಿದರೆ ಮನೆಯಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಆದರೆ ಹಾಡುಗಳ ಓಟ ಹೆಚ್ಚು ಕಡಿಮೆ ಒಂದೇ ಥರ. ಮನೋಧರ್ಮದ ದೊಡ್ಡ ವಿಸ್ತಾರ ಇಲ್ಲಿ ಸಿಗುವುದಿಲ್ಲ. ಜಾಝ್ ಅಂದರೆ ಏನು ಅಂತ ತಿಳಿಯುವ ಆಸೆಯಿದ್ದರೆ ಇದೊಂದೇ ಸಾಲದು. ಜಾಝ್ ಬಗ್ಗೆ ಅಂಜಿಕೆಯಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ.

ದುಡ್ಡಿನ ಮಾತು

ಏನೂ ಖರ್ಚು ಮಾಡುವ ಮನಸ್ಸಿಲ್ಲ ಅಂದರೆ ಐದೂ ಆಲ್ಬಂ ಫೋನಿನಲ್ಲೇ ಸಿಗುತ್ತವೆ. ಉಚಿತ ಆಪ್‌ಗಳಲ್ಲಿ ಮಧ್ಯೆ ಜಾಹೀರಾತು ಬರುತ್ತದೆ. ಟೈಮ್ ಔಟ್‌ಗೂ ಎಲಾ ಆಂಡ್ ಲೂಯಿಗೂ ಅದರಿಂದ ಅಂಥ ನಷ್ಟವಿಲ್ಲ. ಎ ಲವ್ ಸುಪ್ರೀಮ್‌ನ ಎರಡು ಭಾಗಗಳ ನಡುವೆ ಸೋಪಿನ ಜಾಹೀರಾತು ಬಂದರೆ ಮಾತ್ರ ಕೇಳಿದ್ದೆಲ್ಲ ಹಾಳಾದ ಹಾಗೆ. ಅದೊಂದನ್ನು ಚಂದಾ ಕಟ್ಟಿರುವ ಗೆಳೆಯರ ಮನೆಯಲ್ಲಾದರೂ ಕೇಳಿ.

ಸ್ವಲ್ಪ ಖರ್ಚು ಮಾಡಬಹುದು ಅಂದರೆ ಆಲ್ಬಂಗೆ ಹಾಕಬೇಡಿ, ಒಳ್ಳೆಯ ಇಯರ್‌ಫೋನ್‌ಗೆ ಹಾಕಿ. ಸಾವಿರ, ಎರಡು ಸಾವಿರದ ಒಳಗೆ ಬರುವ ತಂತಿಯ ಇಯರ್‌ಫೋನ್ ಸಾಕು. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಸೋ ವಾಟ್‌ನ ಮೊದಲ ಒಂದು ನಿಮಿಷ ಹಾಕಿ ನೋಡಿ. ಪಾಲ್ ಚೇಂಬರ್ಸ್ ಅವರ ಬೇಸ್‌ನ ಪ್ರತಿ ಸ್ವರವೂ ಬೇರೆ ಬೇರೆಯಾಗಿ ಕೇಳಿದರೆ ತೆಗೆದುಕೊಳ್ಳಿ. ಬರೀ ಗುಂಯ್ ಅಂದರೆ ಬೇಡ.

ಸಿಡಿ ಪ್ಲೇಯರ್ ಇನ್ನೂ ಮನೆಯಲ್ಲಿದ್ದರೆ ಅದೃಷ್ಟ. ಹಲವು ಆಲ್ಬಂಗಳನ್ನು ಕೆಲವೇ ಸಿಡಿಗಳಲ್ಲಿ ತುಂಬಿದ ಅಗ್ಗದ ಯುರೋಪಿನ ಪೆಟ್ಟಿಗೆಗಳು ಸಿಗುತ್ತವೆ. ಅಲ್ಲಿ 1963ಕ್ಕೆ ಮುಂಚಿನ ಮುದ್ರಣಗಳ ಹಕ್ಕು ಮುಗಿದಿರುವುದರಿಂದ ಯಾರು ಬೇಕಾದರೂ ಹೊರತರಬಹುದು. ಸಂಗೀತದ ರುಚಿ ನೋಡಲು ಅವು ಸಾಕು, ಆದರೆ ಯಾವ ಟೇಪಿನಿಂದ ಮಾಡಿದ್ದು ಅಂತ ಹೇಳಿರುವುದಿಲ್ಲ. ಕೈಂಡ್ ಆಫ್ ಬ್ಲೂ ಒಂದನ್ನು ಮಾತ್ರ ಮೂಲ ಕಂಪನಿಯ ಮರುಮುದ್ರಣದಲ್ಲೇ ಕೊಳ್ಳಿ.

ಎಲ್‌ಪಿ ಆಸೆ ಇರುವವರಿಗೆ ಒಂದೇ ಮಾತು. ಹೊಸ ಎಲ್‌ಪಿಗೆ ಸಾವಿರಗಳಲ್ಲಿ ಬೆಲೆ. ಸೂಟ್‌ಕೇಸ್ ಥರದ ಅಗ್ಗದ ಪ್ಲೇಯರಿನಲ್ಲಿ ಅದನ್ನು ಹಾಕಬೇಡಿ, ಮುಳ್ಳಿನ ಭಾರಕ್ಕೆ ಗೀರು ಸವೆಯುತ್ತದೆ. ಒಳ್ಳೆಯ ಪ್ಲೇಯರ್ ಇದ್ದು, ಒಂದೇ ಎಲ್‌ಪಿ ಕೊಳ್ಳುವುದಾದರೆ ಯಾವುದು? ಟೈಮ್ ಔಟ್ ಆರು ತಿಂಗಳಲ್ಲಿ ಕಪಾಟು ಸೇರಬಹುದು. ಮಿಂಗಸ್ ಪೂರ್ತಿ ಬೇಕಾದರೆ ಸಿಡಿಯೇ ವಾಸಿ. ಎ ಲವ್ ಸುಪ್ರೀಮ್ ದಿನಾ ಹಾಕುವಂಥದ್ದಲ್ಲ, ಎಲಾ ಆಂಡ್ ಲೂಯಿಗೆ ಫೋನೇ ಸಾಕು. ಉಳಿಯುವುದು ಕೈಂಡ್ ಆಫ್ ಬ್ಲೂ. ಎಲ್‌ಪಿಯಲ್ಲಿ ಅದರ ಮೊದಲ ಬದಿ 'ಬ್ಲೂ ಇನ್ ಗ್ರೀನ್' ಕೊನೆಯಲ್ಲಿ, ಎವನ್ಸ್ ಅವರ ಪಿಯಾನೊ ಮೆಲ್ಲಗೆ ಆರಿಹೋಗುವಾಗ ಮುಗಿಯುತ್ತದೆ. ಎದ್ದು ಹೋಗಿ ತಿರುವಿ ಹಾಕಬೇಕು. ನಾನು ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಆಮೇಲೆ ಏಳುತ್ತೇನೆ.